ದಿಂಬಿನ ಮಾತು

ಪುಟ್ಟಿ,

ಹಾಲು ಕಾಯಿಸಿಟ್ಟಿದ್ದೀನಿ. ಕುಡಿದು ಸೀದಾ ಕೆರೆ ಹತ್ರ ಬಾ.

ನಿನ್ನೆ ಶೋರೂಮಲ್ಲಿ ಹೊಸ ಬೋಟಿನ ಹೊಳಪಿಗೆ ಮರುಳಾಗಿ ನಿಂತಿದ್ದೆ. ನೀನು ಸ್ಟೀರಿಂಗ್ ಹಿಡಿದು "ಅಣ್ಣಾ, ಮುಂದೆ ನೀರೇ ಕಾಣಲ್ಲ" ಅಂದ್ರೆ, ಅಷ್ಟು ಜನರ ಎದುರಿಗೆ "ಕುಳ್ಳಿ, ದಿಂಬು ಹಾಕ್ಕೋ" ಅಂದುಬಿಟ್ಟೆ. ಎಲ್ಲರೂ ನಕ್ಕರು. ನೀನು ಸ್ಟೀರಿಂಗ್ ಬಿಟ್ಟು ಇಳಿದೆ.

ಹಲಗೆ ಮೇಲೆ ನಿಂತು ನೀರಲ್ಲಿ ಜಾರೋ ವೇಕ್‌ಬೋರ್ಡ್ ಕಲಿಯೋರನ್ನ ದಿನವಿಡೀ ಹಗ್ಗದಲ್ಲಿ ಎಳ್ಕೊಂಡು ಬೋಟ್ ಓಡಿಸೋಳು ನೀನು. ನಾನು ಹಗ್ಗ ಸುತ್ತೋನು. ಮೊದಲು ಕೆರೇಲಿ ಓಡಿಸಿ ನೋಡಿದ್ವಲ್ಲ, ನಿನಗೆ ಕೆರೆಯೆಲ್ಲ ಕಾಣ್ತಿದ್ದ ಆ ಸೆಕೆಂಡ್ ಹ್ಯಾಂಡ್ ಬೋಟನ್ನ ಗುಜರಿ ಅಂದವನೂ ನಾನೇ. ನಾಚಿಕೆ ಆಗ್ತಿದೆ ಕಣೆ, ಎದುರಿಗೆ ಹೇಳೋಕೆ ಮುಖ ಇಲ್ಲ.

ಹೊಸದು ಬೇಡ ಅಂತ ಶೋರೂಮಿಗೆ ಹೇಳೋಕೆ ಹೋಗ್ತಿದ್ದೀನಿ. ಯಾಕೆ ಅಂತಾನೂ ಅದೇ ಜನರಿಗೆ ಹೇಳಿ, ಅಲ್ಲಿಂದ ಕೆರೆಗೆ ಬರ್ತೀನಿ. ಹಳೇದನ್ನ ಇನ್ನೊಂದು ಸಲ ಓಡಿಸಿ ನೋಡಿ, ಬೇಕೋ ಬೇಡವೋ ನೀನೇ ಹೇಳು.

ಸೋಫಾ ಮೇಲಿನ ದಿಂಬು ಹುಡುಕಬೇಡ, ತಗೊಂಡು ಹೋಗಿದ್ದೀನಿ. ಹಿಂದಿನ ಸೀಟಲ್ಲಿ ಅದನ್ನ ಹಾಕ್ಕೊಂಡು ಕೂರೋನು ನಾನು.

ಅಣ್ಣ