ಇನ್ನು ಸೇಬು ಕಳಿಸಬೇಡ

ಕೆಸೆನ್ನುಮಾ, ಅಕ್ಟೋಬರ್

ಅಕ್ಕಾ,

ಕಾರ್ಡಿನ ಚಿತ್ರ ನೋಡಿ ಮರುಳಾಗಬೇಡ. ಆ ಕೊಲ್ಲಿ, ಆ ದೋಣಿಗಳು, ಹಿಂದಿನ ಗುಡ್ಡ ಎಲ್ಲವೂ ಇವೆ. ನಮ್ಮ ಕಿಟಕಿಗೆ ಮಾತ್ರ ಸುನಾಮಿ ತಡೆಯುವ ಗೋಡೆಯೊಂದೇ ಕಾಣುತ್ತದೆ. ಆಚೆ ಸಮುದ್ರವಿದೆ ಎಂದು ಗೊತ್ತಾಗುವುದು ಕಡಲಹಕ್ಕಿಗಳ ಕಿರುಚಾಟದಿಂದ, ಮತ್ತೆ ಬಾಗಿಲಿಗೆ ಬಂದು ಬೀಳುವ ಮೀನಿನಿಂದ.

ಪಕ್ಕದ ಮನೆಯ ಸುಗಾವರ ಅಜ್ಜಿ ನಾವು ಬಂದ ವಾರವೇ ಒಂದು ಬಕೆಟ್ ಸಾನ್ಮಾ ಮೀನು ತಂದಿಟ್ಟರು. ಯಾರೇನು ಕೊಟ್ಟರೂ ಮರಳಿ ಏನಾದರೂ ಕೊಡಬೇಕೆಂದಲ್ಲವೇ ಅಮ್ಮ ನಮ್ಮನ್ನು ಬೆಳೆಸಿದ್ದು? ನೀನು ಕಳಿಸಿದ ಸೇಬು ಕೊಟ್ಟೆ. ಮರುದಿನ ಇನ್ನೂ ದೊಡ್ಡ ಬಕೆಟ್ ಬಂತು. ಸೋಯಾ ಕಾಳಿನ ಮಿಸೊ ಕೊಟ್ಟೆ, ಆಕ್ಟೋಪಸ್ ಬಂತು. ಫ್ರಿಜ್ಜಿನ ಬಾಗಿಲು ಮುಚ್ಚುತ್ತಿಲ್ಲ. ನಮ್ಮೆಜಮಾನರು ಮೀನು ಕಂಡರೆ ಊಟ ಬಿಟ್ಟು ಏಳುತ್ತಾರೆ.

ನಿನ್ನೆ ತಡೆಯಲಾರದೆ, "ಅಜ್ಜಿ, ದಮ್ಮಯ್ಯ, ಸಾಕು" ಎಂದೆ.

ಅಜ್ಜಿ ಸೊಂಟಕ್ಕೆ ಕೈಯಿಟ್ಟರು. "ನಂಗೂ ಸಾಕಾಗಿದೆ ಕಣೇ! ಈ ಊರಲ್ಲಿ ಮೀನಿಗೆ ಯಾರೂ ಏನೂ ವಾಪಸ್ ಕೊಡಲ್ಲ, ತಿಂದು ಸುಮ್ನಿರ್ತಾರೆ. ನೀನು ಹಣ್ಣು ಹೊತ್ಕೊಂಡು ಬಂದ್ರೆ ನಾನು ಸುಮ್ನಿರೋಕಾಗುತ್ತಾ? ಅಷ್ಟಕ್ಕೂ ಸೇಬು ಕಚ್ಚೋಕೆ ನಂಗೆ ಹಲ್ಲೆಲ್ಲಿದೆ?"

ಆದ್ದರಿಂದ ಸೇಬು ಬೇಡ. ಉಳಿದ ಮೀನನ್ನೆಲ್ಲ ಐಸ್ ಹಾಕಿ ನಿನಗೇ ಕಳಿಸುತ್ತಿದ್ದೇನೆ, ಶನಿವಾರ ಬರುತ್ತದೆ, ಮನೆಯಲ್ಲೇ ಇರು. ನೀನು ವಿಚಾರಿಸಿದ್ದ ನನ್ನ ನೆಗಡಿ ಬಿಟ್ಟಿದೆ. ಮೀನಿಗೆ ಪ್ರತಿಯಾಗಿ ಏನನ್ನೂ ಕಳಿಸಬೇಡ.

ನಿನ್ನನ್ನು ನಾನು ಬಲ್ಲೆ. ಆ ಖಾಲಿ ಪೆಟ್ಟಿಗೆ ಕೆಳಗಿಡು.

ಸಯೋಕೊ