ಈರುಳ್ಳಿ ಸಿಪ್ಪೆಯ ಕಷಾಯ

ಮನೆಯಿಂದ,
ಜುಲೈ ೧೪, ಭಾನುವಾರ ಮಧ್ಯಾಹ್ನ

ಮುದ್ದಿನ ಪುಟ್ಟಿಗೆ ಅಮ್ಮನ ಪ್ರೀತಿ.

ಹೇಗಿದ್ದೀಯಮ್ಮ? ಕೆಮ್ಮು ವಾಸಿಯಾಯಿತೇ? ಲ್ಯಾಬಿನ ಇಲಿಗಳಿಗೆ ಹೊತ್ತುಹೊತ್ತಿಗೆ ಊಟ ಹಾಕುವ ನೀನು ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂಬುದೇ ನನ್ನ ಚಿಂತೆ. ಫೋನಿನಲ್ಲಿ ಮಾತಾಡೋಣವೆಂದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಈ ಕಾಗದ.

ಹೋದ ಸಲ ಬಂದಾಗ ನಿಮ್ಮ ಲ್ಯಾಬಿನ ಸಂಗತಿ ಹೇಳಿದೆಯಲ್ಲ, ಸೀಸ ಕೊಟ್ಟ ಇಲಿಗಳಿಗೆ ಈರುಳ್ಳಿ ಸಿಪ್ಪೆಯಿಂದ ತೆಗೆದ ಸಾರ ಕೊಟ್ಟರೆ ಕಿಡ್ನಿ ಅಷ್ಟಾಗಿ ಕೆಡುವುದಿಲ್ಲ ಎಂದು, ಅದು ನಿಮ್ಮಪ್ಪನ ತಲೆಯಲ್ಲಿ ಕೂತುಬಿಟ್ಟಿದೆ. ಆಯಸ್ಸೆಲ್ಲ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸಿದವರಿಗೆ, ಮಗಳೇ ಔಷಧಿ ಕಂಡುಹಿಡಿದಳೆಂದರೆ ಕಾಲು ನೆಲದ ಮೇಲೆ ನಿಲ್ಲುತ್ತದೆಯೇ? ತರಕಾರಿ ಅಂಗಡಿಯಿಂದ ಚೀಲಗಟ್ಟಲೆ ಸಿಪ್ಪೆ ತಂದು ಕುದಿಸಿ ಕುಡಿಯುತ್ತಾರೆ. ಫ್ಲಾಸ್ಕಿನಲ್ಲಿ ಒಯ್ದು ಜೊತೆಯವರಿಗೂ ಹಂಚುತ್ತಾರೆ. ಮೊದಮೊದಲು ನನಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ. ಕೆಲಸದ ಹೊತ್ತಿನಲ್ಲಿ ಮಾಸ್ಕ್ ಹಾಕುವುದನ್ನೇ ಬಿಟ್ಟಿದ್ದಾರೆ. ಕುಲುಮೆಯ ಹೊಗೆ ಎಳೆಯುವ ಫ್ಯಾನು ಕೆಟ್ಟು ಕೂತಿದೆ, ರಿಪೇರಿ ಮಾಡಿಸಿ ಎಂದು ಕೇಳಿದ್ದಕ್ಕೆ ಮಾಲೀಕರು, “ನಿಮ್ ಹುಡುಗಿ ಔಷಧಿ ಇದೆಯಲ್ಲ, ಇನ್ನೇನ್ ಭಯ?” ಎಂದು ಬೆನ್ನು ತಟ್ಟಿ ಕಳಿಸಿದರಂತೆ. ಇವರು ಬಿರುದು ಸಿಕ್ಕವರ ಹಾಗೆ ಬಂದು ಅದನ್ನು ನನಗೆ ಹೇಳಿದರು.

ಕಾಲು ಊದಿಕೊಂಡಿದ್ದು ನೋಡಿ ಬಲವಂತವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತದಲ್ಲಿ ಸೀಸ ಜಾಸ್ತಿಯಾಗಿದೆ, ಕಿಡ್ನಿಗೆ ಪೆಟ್ಟು ಬೀಳಲು ಶುರುವಾಗಿದೆ, ಮೊದಲು ಆ ಕುಲುಮೆ ಬಿಡಿ ಎಂದರು ಡಾಕ್ಟರಮ್ಮ. ಹೊರಗೆ ಬಂದವರೇ, “ನಮ್ ಪುಟ್ಟಿ ಓದಿದ್ದನ್ನ ಅವರು ಓದಿದಾರಾ?” ಅಂದರು. ಇಲಿ ಬೇರೆ, ಮನುಷ್ಯ ಬೇರೆ ಎಂದು ನೀನು ಅವತ್ತೇ ಹೇಳಿದ್ದೆ. ಅಷ್ಟು ಮಾತ್ರ ಅವರ ಕಿವಿಗೆ ಬೀಳಲಿಲ್ಲ. ಇನ್ನೊಮ್ಮೆ ಬಿಡಿಸಿ ಹೇಳು. ಅವರ ಮುಖ ಬಾಡುತ್ತದೆ, ನಿನಗೂ ಬಾಯಿ ಬರುವುದಿಲ್ಲ, ಗೊತ್ತು. ಆದರೂ ಹೇಳು.

ಮೈ ಕಡೆ ಜೋಪಾನ. ನಿನ್ನ ಕೆಲಸ ಕೈಗೂಡಲಿ, ಮುಂದೆ ಎಂದಾದರೂ ಮನುಷ್ಯರಿಗೂ ಒದಗಲಿ.

ನಿನ್ನ
ಅಮ್ಮ

ಕಾಗದ ಮಡಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅವರ ಕೆಲಸದ ಬಟ್ಟೆ ಕೊಡವಿ ಒಗೆಯುವವಳು ನಾನೇ ತಾನೆ, ಡಾಕ್ಟರಮ್ಮ ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ನನ್ನಲ್ಲೂ ಸೀಸ ಇದೆಯಂತೆ. ಅಪ್ಪನಿಗೆ ಇನ್ನೂ ತಿಳಿದಿಲ್ಲ. ತಮಗಾಗಿ ಕುಲುಮೆ ಬಿಡುವವರಲ್ಲ ಅವರು, ನನಗಾಗಿ ಬಿಟ್ಟಾರು. ಇದನ್ನೂ ನೀನೇ ಹೇಳಬೇಕು ಪುಟ್ಟಿ. ನಾನು ಹೇಳಿದರೆ ನನಗೂ ಒಂದು ಲೋಟ ಕಷಾಯ ತಂದುಕೊಡುತ್ತಾರೆ, ಅಷ್ಟೇ.