ಹರವೆಯಿಂದ ತಂದ ಬೆರಕೆ ಸೊಪ್ಪು

ಜುಲೈ ೮, ಮಂಗಳವಾರ

ಎಷ್ಟು ಸಲ ಸೋಪು ಹಾಕಿ ತೊಳೆದರೂ ಕೈ ಶುದ್ಧವಾಯಿತು ಅನಿಸುತ್ತಿಲ್ಲ.

ಟೈಫಾಯ್ಡಿನ ಮಾತ್ರೆಗಳು ನನ್ನ ಹೆಂಡತಿ ನಜೀಮಾಳ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಂದಿವೆ, ಅವು ಮತ್ತೆ ಬೆಳೆಯಲು ಬಗೆಬಗೆಯ ಸೊಪ್ಪಿನ ನಾರು, ಒಗರು ಬೇಕು ಎಂದರು ಡಾಕ್ಟರು. ನನಗೆ ನೆನಪಾದದ್ದು ನಮ್ಮೂರು ಹರವೆ. ಅಲ್ಲಿ ಕಳೆ ಕೀಳುವ ಹೆಂಗಸರು ಸಂಜೆ ಮಡಿಲು ತುಂಬ ಅಣ್ಣೆ, ಹೊನಗೊನ್ನೆ ಸೊಪ್ಪು ತರುತ್ತಿದ್ದರು. ಅಮ್ಮಿ ಎಲ್ಲವನ್ನೂ ಬೆರೆಸಿ ಬೇಯಿಸುತ್ತಿದ್ದಳು. ಸೊಸೆಯಾಗಿ ಬಂದ ನಜೀಮಾಳೂ ಕಲಿತಳು.

ಇವತ್ತು ಅಲ್ಲಿನ ಬಾಳೆತೋಟದಲ್ಲಿ ನಾನೇ ಚೀಲ ತುಂಬ ಕಿತ್ತೆ. ಆ ಹೆಂಗಸರಲ್ಲಿ ಒಬ್ಬಳಾದ ಚಿಕ್ಕನಿಂಗಮ್ಮ ದೂರದಿಂದಲೇ ಕೂಗಿಕೊಂಡು ಓಡಿ ಬಂದಳು.

“ಬುಡಿ ಸಾಬ್ರೆ, ಬುಡಿ! ಬೆಳಿಗ್ಗೆ ತಾನೇ ಕಳೆ ಔಸ್ದಿ ಒಡ್ದವ್ರೆ.”

“ಇಷ್ಟು ಹಸಿರಾಗಿದೆಯಲ್ಲಮ್ಮ!”

“ನಾಳಿದ್ದು ಬಂದು ನೋಡಿ, ಎಲ್ಲಾ ಸುಟ್ಟೋಗಿರ್ತದೆ. ನಮ್ಮನ್ನ ಕಳೆ ಕೀಳಕ್ಕೆ ಕರ್ಯದೇ ನಿಲ್ಸ್ಬುಟ್ರು. ಈಗ ನಾವೇ ಸಂತೇಲಿ ಪಾಲಕ್ ತತ್ತೀವಿ ಕಣಿ.”

ಎಚ್ಚರಿಕೆಗೆ ಒಂದು ಕೆಂಪು ಬಟ್ಟೆಯನ್ನಾದರೂ ಕಟ್ಟಬಾರದಿತ್ತೇ? ನಾವು ಉಂಡು ಬೆಳೆದ ಸೊಪ್ಪಿಗೆ ವಿಷ ಹೊಡೆಯಲು ಈ ತೋಟದವರಿಗೆ ಮನಸ್ಸಾದರೂ ಹೇಗೆ ಬಂತು?

ಇವತ್ತೂ ನಜೀಮಾ ಬರೀ ಮೊಸರನ್ನ ಉಂಡು ಮಲಗಿದಳು. ಸೊಪ್ಪು ಸಿಗಲಿಲ್ಲ ಎಂದೆ. ಚೀಲ ಸ್ಕೂಟರಿನಲ್ಲೇ ಇದೆ. ಈಗಷ್ಟೇ ಟಾರ್ಚ್ ಬಿಟ್ಟು ನೋಡಿದೆ, ಎಲೆಗಳು ಇನ್ನೂ ಬಾಡಿಲ್ಲ. ಬೀದಿಗೆ ಎಸೆದರೆ ಮೇಕೆಗಳು ತಿನ್ನುತ್ತವೆ. ಹಿತ್ತಲಲ್ಲಿ ಹೂತರೆ ಅಲ್ಲಿ ನಜೀಮಾಳ ಪುದೀನದ ಪಾತಿ…